ದಾನಿಯೇಲಪ್ಪನವರ ಒಂದು ನಿಮಿಷ

ಡ್ರೈವರ್ ದಾನಿಯೇಲಪ್ಪ ಬಸ್ಸು ಹೊರಡಿಸುವ ಮೊದಲು ಒಂದು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದರು. ಕಂಡಕ್ಟರ್ ಶಿಳ್ಳೆ ಊದಿ ಆಗಿರುತ್ತಿತ್ತು, ಹಿಂದಿನ ಬಸ್ಸು ಹಾರ್ನ್ ಬಾರಿಸುತ್ತಿತ್ತು. ಇವರು ಮಾತ್ರ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದರು. ಉಸಿರಿಗೆ ತಕ್ಕಂತೆ ದಪ್ಪ ಮೀಸೆಯಷ್ಟೇ ಅಲುಗುತ್ತಿತ್ತು.

ನಾನು ಬಾಗಲಕೋಟೆಯಿಂದ ಹುನಗುಂದದ ಹೈಸ್ಕೂಲಿಗೆ ದಿನಾ ಅದೇ ಇಳಕಲ್ಲ ಬಸ್ಸಿಗೆ ಹೋಗುತ್ತಿದ್ದ ಗಣಿತ ಮಾಸ್ತರ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಅವ್ವ ಬೈಯುತ್ತಿದ್ದಳು. ಮುಂಜಾನೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಾಗಲೂ ನನ್ನ ಒಂದು ಕಣ್ಣು ಗೋಡೆಯ ಗಡಿಯಾರದ ಮೇಲೆ. ಸಾಲೆಯಲ್ಲಿ ಎರಡು ನಿಮಿಷ ತಡವಾದರೆ ಹೆಡ್‌ಮಾಸ್ತರರು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು. ಹಾಗಾಗಿ ದಾನಿಯೇಲಪ್ಪನವರ ಆ ಒಂದು ನಿಮಿಷವನ್ನು ನಾನು ಕೈಗಡಿಯಾರದಲ್ಲಿ ಎಣಿಸುತ್ತ ಕೂರುತ್ತಿದ್ದೆ.

ಒಂದು ದಿನ ಅವರ ಹಿಂದಿನ ಸೀಟಿನಲ್ಲೇ ಕೂತು, ನಿದ್ದೆ ಸಾಲಲಿಲ್ಲವೇ ಎಂದು ಕೆಣಕಿದೆ. ಅವರು ನಕ್ಕರು.

“ಮೈ ಬಂದು ಕುಂತೈತ್ರಿ ಸರ. ಜೀವ ಇನ್ನೂ ಕ್ಯಾಂಟೀನಿನ್ಯಾಗ ಚಾ ಕುಡಿಯಾಕ್ಹತ್ತೈತಿ. ಅದೂ ಬರ್ಲಿ ಅಂತ ಕಾಯ್ತೇನಿ.”

ಮಿಷನ್ ದವಾಖಾನೆಯ ಮುದುಕಿ ನರ್ಸಮ್ಮ ಒಬ್ಬಳು ಕಲಿಸಿದ ಧ್ಯಾನವಂತೆ. ಉಸಿರು ಒಳಗೆ ಎಳೆಯುವಾಗ ‘ಕರ್ತನೇ’, ಬಿಡುವಾಗ ‘ಬಾ’. ಬೇರೆ ಬೇಡಿಕೆ ಇಲ್ಲ, ಹಾಡಿಲ್ಲ. ಮನಸ್ಸು ಓಡಿಹೋದರೆ ಅದನ್ನು ಬೈಯದೆ ಮತ್ತೆ ಆ ಎರಡು ಮಾತಿಗೆ ಕರೆತರಬೇಕು. ಬಸ್ಸಿನಲ್ಲಷ್ಟೇ ಅಲ್ಲ, ಟೈರಿಗೆ ಗಾಳಿ ತುಂಬಿಸುವಾಗ, ಊಟದ ಡಬ್ಬಿ ಬಿಚ್ಚುವಾಗಲೂ ಅವರು ಹೀಗೆ ಒಂದು ಗಳಿಗೆ ನಿಂತುಬಿಡುತ್ತಿದ್ದರು. ನನ್ನ ಗಡಿಯಾರದ ಪೂಜೆಯ ಸಂಗತಿ ಹೇಳಿದಾಗ, ಗಡಿಯಾರಕ್ಕಾದರೂ ನಿಷ್ಠೆಯಿಂದ ಇದ್ದೀರಲ್ಲ ಎಂದು ಚೇಷ್ಟೆ ಮಾಡಿದರು.

ಅದೇ ವಾರ ನನಗೆ ಮೂರನೆಯ ಕೆಂಪು ಗೆರೆ ಬಿತ್ತು. ಸಿಟ್ಟು ನೆತ್ತಿಗೇರಿತು. ಡ್ರೈವರ್ ದಿನಾ ಬಸ್ಸು ತಡಮಾಡುತ್ತಾನೆಂದು ಅರ್ಜಿ ಬರೆದು, ಮೊದಲ ಸಹಿ ನಾನೇ ಹಾಕಿ, ಇಪ್ಪತ್ತು ಜನರ ಸಹಿ ಹಾಕಿಸಿದೆ. ಎಲ್ಲಿ? ಅಮೀನಗಡದಲ್ಲಿ. ಅಲ್ಲಿ ನಮ್ಮ ಬಸ್ಸು ಚಹಾ, ಮಿರ್ಚಿ ಭಜಿಗೆಂದು ದಿನಾ ಹತ್ತು ನಿಮಿಷ ನಿಲ್ಲುತ್ತಿತ್ತು. ಒಂದು ನಿಮಿಷದ ಮೇಲಿನ ದೂರಿಗೆ ಎಲ್ಲರೂ ಎಣ್ಣೆಗೈಯಲ್ಲೇ ಸಹಿ ಮಾಡಿದರು. ನಮ್ಮಲ್ಲಿ ಒಬ್ಬರಿಗೂ ನಗು ಬರಲಿಲ್ಲ.

ಮೇಲಿನವರು ದಾನಿಯೇಲಪ್ಪನವರನ್ನು ಕರೆಸಿ, ಆ ಅಭ್ಯಾಸ ಬಿಟ್ಟರೆ ಸಾಕು, ಅರ್ಜಿ ಹರಿದು ಹಾಕುತ್ತೇವೆ ಎಂದರಂತೆ. ಆ ಒಂದು ನಿಮಿಷ ಕೂರದೆ ಗಾಡಿ ಹೊಡೆಯುವುದಿಲ್ಲ ಎಂದು ಇವರು ಹೇಳಿ ಬಂದರು. ನಿವೃತ್ತಿಗೆ ವರ್ಷವಷ್ಟೇ ಉಳಿದಿದ್ದ ಮನುಷ್ಯನನ್ನು ಡಿಪೋದ ಒಳಗೆ ಬಸ್ಸು ತೊಳೆಯುವ ಕಡೆಗೆ ಹಾಕಿದರು. ಹೊಸ ಡ್ರೈವರ್ ಶಿಳ್ಳೆ ಬೀಳುವ ಮೊದಲೇ ಬಿಡುತ್ತಿದ್ದ. ಆದರೆ ಅವನಿಗೆ ಭಜಿ ಬಲು ಇಷ್ಟ. ಅಮೀನಗಡದ ಹತ್ತು ನಿಮಿಷ ಹದಿನೈದಾಯಿತು, ನನ್ನ ಕೆಂಪು ಗೆರೆ ತಪ್ಪಲಿಲ್ಲ.

ತಿಂಗಳೊಪ್ಪತ್ತು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೊನೆಗೆ ಒಂದು ಸಂಜೆ ಡಿಪೋಗೆ ಹೋದೆ. ದಾನಿಯೇಲಪ್ಪ ಪ್ಯಾಂಟು ಮಡಚಿಕೊಂಡು ಚಕ್ರಕ್ಕೆ ನೀರು ಬಿಡುತ್ತಿದ್ದರು. ಅರ್ಜಿ ಬರೆದವನು ನಾನು ಎಂದೆ. ಮೊದಲ ಸಹಿ ನೋಡಿದ್ದೆ ಎಂದು ನಳ ಬಂದ್ ಮಾಡಿದರು. ಆಮೇಲೆ, ಯಾರಿಗೂ ಹೇಳದಿದ್ದ ಮಾತು ಹೇಳಿದರು.

“ಹಿಂದ ಒಮ್ಮೆ ಮನ್ಯಾಗ ಹೆಂಡತಿ ಕೂಡ ಜಗಳಾಡಿ ಹಂಗ ಬಂದು ಗಾಡಿ ಹೊಡದೆರಿ. ಗಾಡಿ ಕಮತಗಿ ಹತ್ರ ಇತ್ತು, ನಾ ಇನ್ನೂ ಮನ್ಯಾಗ ಜಗಳಾಡಾಕ್ಹತ್ತಿದ್ದೆ. ಕುರಿ ಕಾಯಾಂವನ ಕಾಲು ಹೋತು. ಅವತ್ತಿನಿಂದ, ನಾ ಪೂರಾ ಬರೂತನ ಕೀಲಿ ತಿರುವಿಲ್ಲ.”

ಅವರು ಹಳೆಯ ಟೈರೊಂದನ್ನು ಒರೆಸಿ, “ಕುಂದರ್ರಿ ಸರ, ಒಂದ ನಿಮಿಷ,” ಎಂದರು. ಕೂತೆ, ಕಣ್ಣು ಮುಚ್ಚಿದೆ. ಕೊನೆಯ ಬಸ್ಸು, ನಾಳೆಯ ಪರೀಕ್ಷೆ, ಆ ಕುರಿ ಕಾಯುವವನ ಕಾಲು, ನನ್ನ ಸಹಿ, ಎಲ್ಲವೂ ಒಟ್ಟಿಗೆ ಮೇಲೆ ಬಿದ್ದವು.

“ಬಂದ್ರೇನ್ರಿ?” ಎಂದು ಕೇಳಿದರು.

“ಇನ್ನೂ ಇಲ್ರಿ,” ಎಂದೆ.

“ಅವಸರಿಲ್ರಿ. ನಾ ಕಾಯ್ತೇನಿ.”

ಎಷ್ಟು ಹೊತ್ತು ಕಾದರೋ ತಿಳಿಯದು. ಅದೇ ನಮ್ಮ ಕೊನೆಯ ಭೇಟಿ. ನಿವೃತ್ತಿಯ ಚೀಟಿ ಕೈಗೆ ಬರುವ ಮೊದಲೇ ಅವರು ತೀರಿಕೊಂಡರು.

ಈಗ ನನ್ನದೇ ಬೈಕಿದೆ. ಕೀಲಿ ತಿರುಗಿಸುವ ಮೊದಲು ಕಣ್ಣು ಮುಚ್ಚುತ್ತೇನೆ, ಹತ್ತು ಉಸಿರಿನೊಳಗೆ ತೆರೆದುಬಿಡುತ್ತೇನೆ. ಬಂದಿರಾ ಎಂದು ಕೇಳಲು ಅವರಿಲ್ಲ. ನಾನಿನ್ನೂ ಬಂದಿಲ್ಲ.