ಅಣ್ಣನ ಲಾರಿಗೆ ಬೇಕಿದ್ದ ಒಂದು ಸಾಮಾನು

ಅಣ್ಣನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದವು. ಇಪ್ಪತ್ತೆರಡು ವರ್ಷ ಅವನೇ ಓಡಿಸಿದ ಲಾರಿಯನ್ನು ಮಾರಿದೆವು. ಕೊಂಡವರು ಅದನ್ನು ಗುಜರಿಗೆ ಹಾಕಿದರು. ಆ ಸುದ್ದಿ ಕಿವಿಗೆ ಬಿದ್ದ ಮೇಲೆ ಅವನು ಊಟದ ತಟ್ಟೆ ತಳ್ಳತೊಡಗಿದ. ನಾನು ಮಧುಗಿರಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ತಗಡು, ಪ್ಲೈವುಡ್ಡಿನಲ್ಲಿ ಬಸ್ಸು, ಟ್ರ್ಯಾಕ್ಟರುಗಳ ಮಾದರಿ ಮಾಡುವ ಹುಚ್ಚು ಮೊದಲಿನಿಂದಲೂ ಇತ್ತು. “ನಿನ್ ಲಾರೀನ ಹೆಂಗಿತ್ತೋ ಅಂಗೇ ಮಾಡ್ಕೊಡ್ತೀನಿ ಕಣಣ್ಣ” ಎಂದು ಮಾತು ಕೊಟ್ಟುಬಿಟ್ಟೆ. ಅಂದು ಅವನು ಎರಡು ತುತ್ತು ಹೆಚ್ಚು ಉಂಡ.

ಎಂಟು ಅಡಿಗೆ ಒಂದು ಅಡಿ ಲೆಕ್ಕ, ಮೂರಡಿ ಉದ್ದದ ಲಾರಿ. ಅಂಗೈಯಗಲದ ಆಟಿಕೆಗೆ ಕನ್ನಡಿ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಇಷ್ಟು ದೊಡ್ಡದರಲ್ಲಿ ವೈಪರ್ ಸ್ವಲ್ಪ ಡೊಂಕಾದರೂ ಕಣ್ಣಿಗೆ ಚುಚ್ಚುತ್ತದೆ. ಇದಕ್ಕೆಂದೇ ಬಿಡಿಭಾಗ ಮಾರುವ ಅಂಗಡಿ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿದೆ, ಮಣ್ಣು. ಟೀ ಸೋಸುವ ಜಾಲರಿಯೇ ರೇಡಿಯೇಟರಿನ ಮುಂದಿನ ಜಾಲರಿಯಾಯಿತು. ಸೈಕಲ್ ಟ್ಯೂಬು ಮಡ್‌ಗಾರ್ಡಿನ ರಬ್ಬರಾಯಿತು. ಹರಿದ ಕೊಡೆಯ ಬಟ್ಟೆ ಟಾರ್ಪಾಲು. ಹೆಡ್‌ಲೈಟಿಗೆ ಕೀ ಚೈನಿನ ಪುಟ್ಟ ಟಾರ್ಚುಗಳ ಗಾಜು ಕಿತ್ತೆ. ಪಕ್ಕದ ಕನ್ನಡಿಗಳಿಗೆಂದು ಸೊಸೆಯ ಪೌಡರ್ ಡಬ್ಬಿಯ ಕನ್ನಡಿ ಕತ್ತರಿಸಿ ಬೈಸಿಕೊಂಡೆ.

ಅಣ್ಣನ ಊರಾದ ದೊಡ್ಡೇರಿಗೆ ಒಯ್ದು ಅವನ ಮಂಚದ ಪಕ್ಕ ಸ್ಟೂಲಿನ ಮೇಲಿಟ್ಟೆ. ಅಣ್ಣ ಬಹಳ ಹೊತ್ತು ನೋಡಿದ. ಎಡಗೈಯಿಂದ ಬಾನೆಟ್ಟು ಸವರಿದ. ಆಮೇಲೆ ಹೆಬ್ಬೆರಳು, ತೋರುಬೆರಳು ಜೋಡಿಸಿ ಗಾಳಿಯಲ್ಲಿ ಏನನ್ನೋ ಹಿಡಿದು ಕೆಳಕ್ಕೆ ಎಳೆದ. ಮತ್ತೆ ಎಳೆದ. ಏನೋ ಒಂದು ಇಲ್ಲ ಎನ್ನುತ್ತಿದ್ದಾನೆ.

“ಹಾರನ್ನಾ?”

ತಲೆ ಅಡ್ಡಡ್ಡ ಆಡಿಸಿದ. ಪೆನ್ನು ಕೊಟ್ಟೆ. ಎಡಗೈ ಬರೀ ಗೆರೆ ಗೀಚಿತು. ಅಕ್ಷರಗಳೂ ಮಾತಿನ ಜೊತೆಗೇ ಹೋಗಿದ್ದವು.

ಸರಿ, ಹೊರಟೆ. ಶಿರಾದಲ್ಲಿ ಲಾರಿಗಳಿಗೆ ಗೊಂಡೆ, ಚಮಕಿ ಮಾರುವ ಭಾಯಿ ಒಬ್ಬರಿದ್ದರು. “ಈಗ್ ಯಾರ್ ಸಾರ್ ಗೊಂಡೆ ಕಟ್ತಾರೆ, ಎಲ್ಲಾ ಸ್ಟಿಕ್ಕರೇ. ಜರಾ ಕೂತ್ಕೊಳ್ಳಿ, ನಾನೇ ಮಾಡ್ಕೊಡ್ತೀನಿ” ಎಂದು ಕಪ್ಪು ಉಲ್ಲನ್ನಿನಲ್ಲಿ ಬೆರಳುದ್ದದ ಗೊಂಡೆ ಕಟ್ಟಿಕೊಟ್ಟರು. ಅಣ್ಣ ಅಲ್ಲವೆಂದ. ಪಾವಗಡದಲ್ಲಿ ಅವನ ಹಳೆಯ ಮೆಕ್ಯಾನಿಕ್‌ನನ್ನು ಹುಡುಕಿ ಆ ಸನ್ನೆಯನ್ನು ಮಾಡಿ ತೋರಿಸಿದೆ. “ಅದಾ? ಕ್ಯಾಬಿನ್ ಪರದೆ ಸಾರೂ. ಮಧ್ಯಾಹ್ನ ಪಡ್ಕೊಂಡಾಗ ಎಳ್ಕೊಂತಿದ್ದ. ಅದೇ ಅಯ್ಯುಂಟುಂದಿ, ಅದೇ ಇರ್ಬೇಕು” ಎಂದ. ಪರದೆ ಹೊಲಿಸಿ ಹಾಕಿದೆ. ಅದೂ ಅಲ್ಲ. ದೃಷ್ಟಿಗೆ ಕಟ್ಟುವ ನಿಂಬೆಹಣ್ಣು, ಮೆಣಸಿನಕಾಯಿಯ ಸರವನ್ನು ಮಣಿಗಳಲ್ಲಿ ಪೋಣಿಸಿ ಕಟ್ಟಿದೆ. ಅಲ್ಲ. ಪ್ರತಿ ಸಲವೂ ಅದೇ ಎರಡು ಬೆರಳು, ಅದೇ ಎಳೆತ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ನಾಲ್ಕನೇ ಸಲ ತಲೆ ಕೆಟ್ಟುಹೋಯಿತು. “ಏನಂತ ತಿಳ್ಕೊಳ್ಲಿ ನಾನು? ನಿನ್ ಹೊಟ್ಟೇಲಿರೋದು ನಂಗೆ ಹೆಂಗ್ ಗೊತ್ತಾಗ್ಬೇಕು?” ಎಂದು ಕಿರುಚಿದೆ. ಮಾತೇ ಇಲ್ಲದವನ ಮುಂದೆ ನಿಂತು ಹಾಗೆ ಕಿರುಚಿದೆ. ಅಣ್ಣ ಎತ್ತಿದ ಕೈಯನ್ನು ಇಳಿಸದೆ ನನ್ನನ್ನೇ ನೋಡಿದ. ವಾಪಸು ಬಸ್ಸಿನಲ್ಲಿ ಕೂತು ನಾಚಿಕೆಯಿಂದ ಸತ್ತೆ.

ಮಾರನೆಯ ದಿನವೇ ಕೊರಟಗೆರೆಗೆ ಹೋಗಿ ಬಳೆ ಅಂಗಡಿಯೊಂದರಲ್ಲಿ ಕಡಲೆಕಾಳಿನಷ್ಟು ಹಿತ್ತಾಳೆ ಗಂಟೆ ಹುಡುಕಿ ಕೊಂಡೆ. ಕೆಲವು ಲಾರಿಗಳಲ್ಲಿ ಕ್ಲೀನರ್ ಹಗ್ಗ ಎಳೆದು ಬಾರಿಸಲು ಬಾಗಿಲ ಹತ್ತಿರ ಗಂಟೆ ತೂಗುಹಾಕಿರುತ್ತಾರೆ. ಇದೇ ಇರಬೇಕು, ಇನ್ನು ಉಳಿದಿರುವುದು ಇದೊಂದೇ ಅನ್ನಿಸಿತು. ನೇರ ದೊಡ್ಡೇರಿಗೆ ಹೋಗಿ ಕಟ್ಟಿ, ದಾರ ಎಳೆದು ತೋರಿಸಿದೆ. ಅಣ್ಣ ಲಾರಿ ನೋಡಲಿಲ್ಲ, ನನ್ನ ಮುಖ ನೋಡಿದ. ಹೌದೆಂದು ತಲೆಯಾಡಿಸಿದ. ನಾನು ಅವನ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

ಕಾಫಿ ಲೋಟ ಇಸಿದುಕೊಳ್ಳಲು ಅಡುಗೆಮನೆಗೆ ಹೋದಾಗ ಅತ್ತಿಗೆ ದನಿ ತಗ್ಗಿಸಿದರು. “ಆ ಗಾಡೀಗೆ ಗಂಟೆ ಯಾವತ್ತೂ ಇರ್ನಿಲ್ಲ ಕಣಪ್ಪ. ಗಂಟೆ ಕಟ್ಟೋರ್ನ ಕಂಡ್ರೆ, ಇದೇನ್ ಎತ್ತಿನ ಗಾಡೀನಾ ಅಂತ ಬೈತಿದ್ರು. ನೀನು ನೆನ್ನೆ ಅಂಗೆ ಕೂಗಾಡ್ಬುಟ್ಟೆ ನೋಡು, ಅದ್ಕೇ ಊಂ ಅಂದವ್ರೆ.”

“ಮತ್ತೆ ಇಲ್ದೇ ಇರೋದು ಏನತ್ಗೆ?”

“ನಂಗೂ ತಿಳೀದು ಕಣಪ್ಪ. ನಾನೂ ಎಲ್ಲಾ ಕೇಳಿ ನೋಡ್ಬುಟ್ಟೆ.”

ಹೊರಗೆ ಬಂದು ಮಂಚದಲ್ಲಿ ಅವನ ಪಕ್ಕ ಕೂತೆ. “ಅಣ್ಣ, ಇನ್ನೊಂದ್ಸಲ ತೋರ್ಸು. ನಾನು ಸಿಟ್ ಮಾಡ್ಕೊಳಲ್ಲ” ಎಂದೆ. ಏನೂ ಬೇಡವೆಂದು ತಲೆಯಾಡಿಸಿ, ಅರ್ಧ ಬಾಯಲ್ಲಿ ನಕ್ಕ. ಅವನ ಎಡಗೈ ಎಲ್ಲೆಂದು ನೋಡಿದೆ. ಅದನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಕೂತಿದ್ದ.