ನಂಜಮ್ಮನ ಹೊಲದಲ್ಲಿ ಒಂದು ಸುತ್ತು

ಪುರವರವೆಂಬ ಹಳ್ಳಿಯಲ್ಲಿ ಗರಡಿಗೂ ಓಟದ ಮೈದಾನಕ್ಕೂ ಜಾಗ ಹುಡುಕಿ ಬಾ ಎಂದು ಅಮಲ್ದಾರರು ನನ್ನನ್ನು ಕಳಿಸಿದ್ದರು. ಊರಿಗೆಲ್ಲ ಸಮತಟ್ಟಾಗಿದ್ದುದು ನಂಜಮ್ಮನೆಂಬ ಅಜ್ಜಿಯ ಬೀಳು ಹೊಲವೊಂದೇ. ಆಕೆ ಒಪ್ಪದಿದ್ದರೆ ನಾನು ಬರಿಗೈಲಿ ವಾಪಸು.

“ಇಲ್ಲೇನ್ ಮಾಡ್ತೀರಿ ಸ್ವಾಮಿ?” ಎಂದು ಕೇಳಿದಳು.

“ಹುಡುಗರು ಓಡ್ತಾರಮ್ಮ.”

“ಯಾರು ಅಟ್ಟಿಸ್ಕಂಡ್ ಬತ್ತಾರೆ?”

“ಯಾರೂ ಇಲ್ಲ. ಸುಮ್ಮನೆ ಸುತ್ತು ಹಾಕೋದು.”

“ಸುಮ್ಸುಮ್ನೆ ಹೆಂಗ್ ಓಡ್ತಾರೆ? ನೀವೇ ಒಸಿ ಓಡಿ ತೋರ್ಸಿ, ಆಮೇಲೆ ಹೇಳ್ತೀನಿ.”

ಕೋಟು ಕಳಚಿಟ್ಟು, ಕಚ್ಚೆ ಬಿಗಿದು ಓಡಿದೆ. ಅರ್ಧ ಸುತ್ತಿಗೇ ರುಮಾಲು ಬಿಚ್ಚಿಕೊಂಡು ಬಾಲದ ಹಾಗೆ ಹಿಂದೆ ಹಾರಾಡಿತು. ನಂಜಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, “ತಗಳಿ ಸ್ವಾಮಿ ಹೊಲವ. ದಿನಾ ಇಂಗೇ ಓಡ್ತಾರೆ ಅಂದ್ರೆ ನಾನೂ ಬಂದು ಕೂತ್ಕತೀನಿ” ಎಂದಳು.

ವರದಿಯಲ್ಲಿ ‘ಜಾಗವನ್ನು ಖುದ್ದಾಗಿ ಪರಿಶೀಲಿಸಿದೆ’ ಎಂದಷ್ಟೇ ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.