ನಿಂತು ನಿಂತು ಚಾರ್ಜಾಗುತ್ತಿದ್ದ ಕಾರು

ಎಲೆಕ್ಟ್ರಿಕ್ ಕಾರು ಕೊಂಡ ಹೊಸತರಲ್ಲಿ ನನಗೆ ಒಂದು ವಿಷಯ ಅರ್ಥವೇ ಆಗುತ್ತಿರಲಿಲ್ಲ. ಮನೆಯಲ್ಲಿ ಚಾರ್ಜಿಗೆ ಹಾಕಿದರೆ ನಡುವೆ ನಿಂತುಹೋಗುತ್ತಿತ್ತು. ಮೊಬೈಲಿಗೆ ಸಂದೇಶ ಬರುತ್ತಿತ್ತು. ಕೈಯಲ್ಲಿದ್ದ ಅಡುಗೆ ಮುಗಿಸಿ, ಮೂರು ಮಹಡಿ ಇಳಿದು ಹೋಗಿ ನೋಡಿದರೆ ಸ್ವಿಚ್ಚು ಹಾಕಿಯೇ ಇರುತ್ತಿತ್ತು, ಕಾರು ಚಾರ್ಜ್ ಆಗುತ್ತಲೇ ಇರುತ್ತಿತ್ತು.

ಮಂಡ್ಯದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹನ್ನೆರಡು ಮನೆ. ವಾರಕ್ಕೆ ಮೂರು ದಿನ ಪಾಠ ಮಾಡಲು ನಾನು ಮಳವಳ್ಳಿಯ ಕಾಲೇಜಿಗೆ ಹೋಗುತ್ತೇನೆ. ಉಳಿದ ದಿನ ಬೆಳಿಗ್ಗೆಯೇ ಕಾರನ್ನು ಚಾರ್ಜಿಗೆ ಹಾಕುವುದು. ಪಾರ್ಕಿಂಗ್‌ನ ಗೋಡೆಗೆ ನನ್ನ ಮೀಟರಿನಿಂದಲೇ ವೈರು ಎಳೆಸಿ ಪ್ಲಗ್ ಹಾಕಿಸಲು ಹೊರಟಾಗ ಸಂಘದ ಕಾರ್ಯದರ್ಶಿಗಳು ಅಡ್ಡ ಬಂದಿದ್ದರು. “ಬೆಂಕಿಗಿಂಕಿ ಅತ್ಕೊಂಡ್ರೆ ಯಾರಮ್ಮ ಜವಾಬ್ದಾರಿ?” ಎಂದಿದ್ದರು. ಅದರಲ್ಲೇನೂ ಅಪಾಯವಿಲ್ಲ ಎಂದು ಸಭೆಯಲ್ಲಿ ಅರ್ಧ ಗಂಟೆ ವಾದಿಸಿ ಗೆದ್ದಿದ್ದೆ.

ಹಾಗಾಗಿ ಮೊದಲ ಅನುಮಾನ ಅವರ ಮೇಲೆಯೇ. ಆದರೆ ಆರಿಸುವವರು ಮತ್ತೆ ಯಾಕೆ ಹಾಕುತ್ತಾರೆ? ಷೋರೂಮಿನವರು ಕಾರಿನಲ್ಲಿ ದೋಷವಿಲ್ಲ, ಕರೆಂಟು ಹೋಗುತ್ತಿರಬೇಕು ಎಂದರು. ಆದರೆ ಚಾರ್ಜು ನಿಂತ ಹೊತ್ತಿನಲ್ಲೂ ನಮ್ಮ ಮನೆಯ ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಒಮ್ಮೆ ಅರೆಬರೆ ಚಾರ್ಜಿನಲ್ಲಿ ಮಳವಳ್ಳಿಗೆ ಹೋದವಳು ವಾಪಸು ಬರಲು ಧೈರ್ಯ ಸಾಲದೆ ಮದ್ದೂರಿನ ಕಡೆಗೆ ತಿರುಗಿ, ಅಲ್ಲೊಂದು ಹೋಟೆಲಿನ ಮುಂದೆ ಕಾರನ್ನು ಚಾರ್ಜಿಗೆ ಹಾಕಿ ಎರಡು ಕಾಫಿ ಮುಗಿಸಿದೆ. ಪೆಟ್ರೋಲ್ ಕಾರನ್ನು ಯಾಕಾದರೂ ಮಾರಿದೆನೋ ಅನ್ನಿಸಿತು.

ಒಂದು ಶನಿವಾರ ತರಕಾರಿ ತಂದು ಪಾರ್ಕಿಂಗ್ ಒಳಗೆ ಕಾಲಿಟ್ಟರೆ, ಕೆಳಮನೆಯ ಅಜ್ಜಿ ನನ್ನ ಸ್ವಿಚ್ಚು ಆರಿಸುತ್ತಿದ್ದರು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಅವರು ಪಾರ್ಕಿಂಗಿಗೆ ತೆರೆಯುವ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಾ ಕೂರುವವರು. ನನ್ನನ್ನು ಕಂಡು ಗಾಬರಿಯಾಗಲೂ ಇಲ್ಲ.

“ಯಾಕಜ್ಜಿ ಆರಿಸ್ತಿದ್ದೀರಾ?”

“ಬಿಸಿ ಆಗ್ಯದೆ ಕಣವ್ವ. ಒಸಿ ತಣ್ಣಗಾಗ್ಲಿ, ಆಮೇಕೆ ಆಕ್ತೀನಿ. ದಿನಾ ಅಂಗೇ ಮಾಡದು.”

“ಕಾರಿಗೆ ಅದೆಲ್ಲ ಬೇಕಾಗಿಲ್ಲ ಅಜ್ಜಿ. ತುಂಬಿದ ಮೇಲೆ ತಾನೇ ನಿಲ್ಲುತ್ತೆ.”

“ನಿನ್ ಕಾರಿನ್ ವಿಸ್ಯ ನಂಗೊತ್ತಿಲ್ಲ. ಈ ಗ್ವಾಡೇಲಿರೋದು ಕಾಯ್ತದೆ. ಮುಟ್ನೋಡು. ನಮ್ ತ್ವಾಟದ್ ಮೋಟ್ರು ಇಂಗೇ ಕಾದು ಕಾದು ಸುಟ್ಟೋಯ್ತು.”

ಮುಟ್ಟಿದೆ. ಕೈ ತಕ್ಷಣ ಹಿಂದಕ್ಕೆ ಬಂತು. ಎರಡು ತಿಂಗಳಲ್ಲಿ ನಾನು ಒಮ್ಮೆಯೂ ಅದನ್ನು ಮುಟ್ಟಿ ನೋಡಿರಲಿಲ್ಲ. ಬೈಯಬೇಕೆಂದುಕೊಂಡವಳು ಪ್ಲಗ್ಗನ್ನು ಕಿತ್ತು, ಕೇಬಲ್ ಸುತ್ತಿಕೊಂಡೆ. “ಇದನ್ನ ಬಿಚ್ಚಿಸಿ ನೋಡಿಸ್ತೀನಿ ಅಜ್ಜಿ” ಎಂದು ಮೇಲೆ ಹೋದೆ.

ಸೋಮವಾರ, ಮೊದಲು ವೈರು ಎಳೆದಿದ್ದವನಲ್ಲದ ಬೇರೊಬ್ಬ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿದ. ಹಿಂದೆಲ್ಲ ಕಪ್ಪಗಾಗಿತ್ತು, ಪ್ಲಾಸ್ಟಿಕ್ಕು ಒಂದು ಕಡೆ ಕರಗಿ ಇಳಿದಿತ್ತು. “ಈ ತೆಳ್ಳಗಿನ ವೈರ್‌ನ ಯಾರ್ ಆಕಿದ್ದು ಮೇಡಂ? ಒಂದೇ ಸಮ ಓಡಿದ್ರೆ ಅತ್ಕೋತಿತ್ತು,” ಎಂದ. ಅಜ್ಜಿ ಕುರ್ಚಿಯಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡರು. “ಚೆಂದಾಗ್ ಆಕ್ಕೊಡಪ್ಪ” ಎಂದಷ್ಟೇ ಹೇಳಿದರು.

ದಪ್ಪ ವೈರು ಎಳೆದು, ಲೋಡ್ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು ಹಾಕಿಸಿದ್ದಾಯಿತು. ಈ ಸಂಗತಿಯನ್ನು ಕಾರ್ಯದರ್ಶಿಗಳಿಗೆ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಹೇಳಿದರೆ ಪ್ಲಗ್ಗನ್ನೇ ಕೀಳಿಸಬಹುದು. ಹೇಳದಿದ್ದರೆ ನಾಳೆ ಇನ್ನೊಬ್ಬರು ಅದೇ ತೆಳ್ಳಗಿನ ವೈರು ಎಳೆಸಬಹುದು. ಕೊನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂಗಾರೆ ಅವತ್ತು ನಾನೇಳಿದ್ದು ಸರಿನೋ ತಪ್ಪೋ?”

“ಸರಿಯೇ ಸಾರ್... ನಾನು ಹೇಳಿದ್ದೂ ಪೂರ್ತಿ ತಪ್ಪೇನಲ್ಲ.”

ಮುಂದಿನ ಸಭೆಯಲ್ಲಿ, ತಿಳಿದವರಿಂದ ವೈರು ಪರೀಕ್ಷೆ ಮಾಡಿಸಿದವರು ಪ್ಲಗ್ ಹಾಕಿಸಿಕೊಳ್ಳಬಹುದು ಎಂದು ತೀರ್ಮಾನವಾಯಿತು. ಎರಡು ಮನೆಯವರು ಅಲ್ಲೇ ಹೆಸರು ಕೊಟ್ಟರು. ನಮ್ಮಿಬ್ಬರ ವಾದದಲ್ಲಿ ಕೊನೆಗೆ ಗೆದ್ದವರು ಯಾರು, ಸೋತವರು ಯಾರು ಎಂಬುದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ.